ಕ್ರೂಸ್ ಹಡಗಿನಲ್ಲಿ ಸೆಂಟು: ನಾನು ಕೊಳ್ಳುವ ರೀತಿ

"ಹಡಗಲ್ಲಿ ಸೆಂಟು ನಿಜವಾಗ್ಲೂ ಕಮ್ಮಿಗೆ ಸಿಗುತ್ತಾ?" ಕೆರಿಬಿಯನ್ ಕಡೆ ಕ್ರೂಸ್ ಬುಕ್ ಮಾಡಿದ ಗೆಳತಿಯರು ಕೇಳುವುದು ಇದನ್ನೇ. ನಾವಿರುವುದು ನ್ಯೂಜೆರ್ಸಿಯಲ್ಲಿ. ಹಡಗಿನ ಪ್ರವಾಸ ನಮ್ಮ ಮನೆಯವರಿಗೆಲ್ಲ ಇಷ್ಟ, ನನಗೆ ಅದರ ಜೊತೆಗೆ ಸೆಂಟಿನ ಹುಚ್ಚು. ಕೆಲವು ಬಾಟಲಿ ಅಗ್ಗ, ಹಲವು ಅಲ್ಲ ಎನ್ನುವುದು ನನ್ನ ಉತ್ತರ. ಆದರೂ ದುಬಾರಿ ಸೆಂಟನ್ನು ನಾನು ಹಡಗಿನಲ್ಲೇ ಕೊಳ್ಳುತ್ತೇನೆ. ವಾರವಿಡೀ ದಿನಾ ಹೋಗಿ, ಮೈಮೇಲೆ ಹಾಕಿಕೊಂಡು, ಯೋಚಿಸಿ, ಆಮೇಲೆ ದುಡ್ಡು ಕೊಡುವ ಅನುಕೂಲ ಊರಿನ ಮಾಲ್‌ನಲ್ಲಿ ನನಗೆ ಸಿಗುವುದಿಲ್ಲ.

ಮೊದಲು ಲೆಕ್ಕ. 'ಟ್ಯಾಕ್ಸ್ ಫ್ರೀ, ಡ್ಯೂಟಿ ಫ್ರೀ' ಬೋರ್ಡು ನೋಡಿದ ಕೂಡಲೇ ಅರ್ಧ ಬೆಲೆ ಅಂದುಕೊಳ್ಳಬಾರದು. ನ್ಯೂಜೆರ್ಸಿಯ ಸೇಲ್ಸ್ ಟ್ಯಾಕ್ಸ್ ಶೇ. 6.625. ಅಂದರೆ 120 ಡಾಲರ್ ಬಾಟಲಿಯ ಮೇಲೆ ತೆರಿಗೆಯಿಂದ ಉಳಿಯುವುದು ಎಂಟು ಡಾಲರ್ ಅಷ್ಟೇ. ಡೆಲವೇರ್, ಆರೆಗನ್ ಕಡೆಯವರಿಗೆ ಅದೂ ಇಲ್ಲ, ಅಲ್ಲಿ ಸೇಲ್ಸ್ ಟ್ಯಾಕ್ಸೇ ಇಲ್ಲವಲ್ಲ. ಅದಕ್ಕಿಂತ ಹೆಚ್ಚು ಉಳಿಯಬೇಕಾದರೆ ಅಂಗಡಿಯ ಮೂಲ ಬೆಲೆಯೇ ಕಡಿಮೆ ಇರಬೇಕು. ಹಾಗಾಗಿ ಹೊರಡುವ ವಾರ ನನಗೆ ಬೇಕೆನಿಸಿದ ಐದಾರು ಸೆಂಟುಗಳ ಹೆಸರು, ಅಳತೆ, ಊರಿನಲ್ಲಿ ತೆರಿಗೆ ಸೇರಿ ಎಷ್ಟಾಗುತ್ತದೆ ಎಂಬುದನ್ನೆಲ್ಲ ಫೋನಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಸಮುದ್ರದ ಮಧ್ಯೆ ಇಂಟರ್ನೆಟ್ ದುಬಾರಿ, ಅಲ್ಲಿ ಕೂತು ಬೆಲೆ ಹುಡುಕುವುದು ಆಗದ ಮಾತು.

ಆ ಪಟ್ಟಿಯಲ್ಲಿ ಡೇವಿಡಾಫ್ ಕೂಲ್ ವಾಟರ್‌ನಂಥ ಹಳೆಯ, ಎಲ್ಲೆಡೆ ಸಿಗುವ ಸೆಂಟನ್ನು ನಾನು ಸೇರಿಸುವುದಿಲ್ಲ. ಅವು ಮಾರ್ಷಲ್ಸ್, ಟಿಜೆ ಮ್ಯಾಕ್ಸ್‌ನಂಥ ರಿಯಾಯಿತಿ ಮಳಿಗೆಗಳಲ್ಲೋ ಆನ್‌ಲೈನ್ ರಿಯಾಯಿತಿ ಅಂಗಡಿಗಳಲ್ಲೋ ಹಡಗಿಗಿಂತ ಕಡಿಮೆಗೆ ಸಿಕ್ಕಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಶನೆಲ್‌ನಂಥವು ಊರಿನಲ್ಲಿ ರಿಯಾಯಿತಿಗೆ ಬರುವುದೇ ಅಪರೂಪ. ಹಡಗಿನಲ್ಲಿ ನನಗೆ ಲಾಭ ಆಗಿರುವುದು ಇಂಥವುಗಳಲ್ಲಿಯೇ.

ಹೆಸರು ಒಂದೇ ಇದ್ದರೂ ಒಳಗಿನ ಸರಕು ಬೇರೆ ಇರಬಹುದು. ಓ ದ ಟ್ವಾಲೆಟ್, ಓ ದ ಪಾರ್ಫಮ್, ಪಾರ್ಫಮ್ ಎಂದು ಸುಗಂಧ ತೈಲದ ಪ್ರಮಾಣ ಏರುತ್ತ ಹೋಗುತ್ತದೆ, ಬೆಲೆಯೂ ಏರುತ್ತದೆ. ಒಂದರ ಬೆಲೆಯನ್ನು ಇನ್ನೊಂದರ ಜೊತೆ ಹೋಲಿಸಿ 'ಅಯ್ಯೋ ಎಷ್ಟು ಚೀಪು' ಅನ್ನುವವರು ಹಡಗಿನ ಅಂಗಡಿಯಲ್ಲಿ ಪ್ರತಿದಿನ ಕಾಣುತ್ತಾರೆ. ಅಳತೆಯೂ ಅಷ್ಟೇ: 3.4 ಔನ್ಸ್ ಅಂದರೆ 100 ಮಿ.ಲೀ., 1.7 ಔನ್ಸ್ ಅಂದರೆ 50. ನಾನು ಎಲ್ಲವನ್ನೂ ಒಂದು ಮಿ.ಲೀ.ಗೆ ಎಷ್ಟು ಎಂದು ಭಾಗಿಸಿಯೇ ನೋಡುವುದು. ಎರಡು ಬಾಟಲಿ ಸೇರಿಸಿದ 'ಟ್ರಾವೆಲ್ ಸೆಟ್'ಗಳ ಬಣ್ಣ ಬಯಲಾಗುವುದು ಆಗಲೇ. ಕೆಲವು ಸೆಟ್ ನಿಜಕ್ಕೂ ಅಗ್ಗ. ಕೆಲವದರಲ್ಲಿ ಬಾಡಿ ಲೋಶನ್ ತುರುಕಿ ಡಬ್ಬ ದೊಡ್ಡದು ಮಾಡಿರುತ್ತಾರೆ.

ಹಡಗು ಬಂದರಿನಲ್ಲಿ ನಿಂತಿರುವಾಗ ಈ ಅಂಗಡಿಗಳು ಮುಚ್ಚಿರುತ್ತವೆ. ಆ ನೆಲದ ಸುಂಕ, ತೆರಿಗೆಯ ಕಾನೂನು ಅಲ್ಲಿ ಅನ್ವಯಿಸುತ್ತದೆ, ಅದಕ್ಕೆ. ಹಡಗು ಸಮುದ್ರಕ್ಕಿಳಿದ ಮೇಲೆಯೇ ಬಾಗಿಲು ತೆರೆಯುವುದು. ಆದ್ದರಿಂದ ಅಂಗಡಿಗೆ ಜನ ಮುಗಿಬೀಳುವುದು 'ಸೀ ಡೇ'ಗಳಲ್ಲಿ, ಅಂದರೆ ಇಡೀ ದಿನ ನೀರಿನ ಮೇಲಿರುವ ದಿನಗಳಲ್ಲಿ. ಮೊದಲ ಸೀ ಡೇ ಬೆಳಿಗ್ಗೆ, ಸನ್‌ಸ್ಕ್ರೀನ್ ಹಚ್ಚಿಕೊಳ್ಳುವ ಮುಂಚೆ, ತಿಂಡಿ ಮುಗಿಸಿಕೊಂಡು ನಾನು ನೇರ ಅಲ್ಲಿಗೆ ಹೋಗುತ್ತೇನೆ. ಸನ್‌ಸ್ಕ್ರೀನ್ ವಾಸನೆ ಇರುವ ಕೈಮೇಲೆ ಯಾವ ಸೆಂಟೂ ತನ್ನ ನಿಜವಾದ ಗುಣ ತೋರಿಸುವುದಿಲ್ಲ.

ಮೊದಲು ಕಾಗದದ ಪಟ್ಟಿಯ ಮೇಲೆ ನಾಲ್ಕೈದು ಮೂಸಿ ನೋಡಿ, ಅದರಲ್ಲಿ ಎರಡನ್ನು ಆರಿಸಿ, ಎಡ ಮೊಣಕೈ ಒಳಬದಿಗೆ ಒಂದು, ಬಲಕ್ಕೆ ಒಂದು. ದಿನಕ್ಕೆ ಎರಡೇ. ಅದಕ್ಕಿಂತ ಹೆಚ್ಚಾದರೆ ಮೂಗು ಸೋತು ಎಲ್ಲವೂ ಒಂದೇ ಥರ ಅನ್ನಿಸತೊಡಗುತ್ತದೆ. ಕೌಂಟರಿನ ಮೇಲಿಟ್ಟ ಕಾಫಿ ಬೀಜ ಮೂಸುವುದಕ್ಕಿಂತ ಸೆಂಟು ಹಾಕದ ನನ್ನದೇ ಚರ್ಮವನ್ನು ಒಮ್ಮೆ ಮೂಸಿಕೊಂಡರೆ ಮೂಗು ಬೇಗ ತಿಳಿಯಾಗುತ್ತದೆ. ಹಾಕಿಕೊಂಡ ತಕ್ಷಣ ಬರುವ ನಿಂಬೆ, ಕಿತ್ತಳೆ ಸಿಪ್ಪೆಯ ಘಮ ಇಪ್ಪತ್ತು ನಿಮಿಷದಲ್ಲಿ ಹಾರಿಹೋಗುತ್ತದೆ. ಆಮೇಲೆ ಹೂವಿನ ಸರದಿ. ಗಂಟೆಗಳು ಕಳೆದ ಮೇಲೆ ಉಳಿಯುವುದು ಗಂಧ, ಕಸ್ತೂರಿ, ವೆನಿಲಾ, ಅಂಬರ್‌ನಂಥ ತಳದ ವಾಸನೆ. ಬಾಟಲಿ ಮಾರಾಟವಾಗುವುದು ಮೊದಲ ಇಪ್ಪತ್ತು ನಿಮಿಷದ ಘಮದಿಂದ, ನಾವು ದಿನವಿಡೀ ಬದುಕಬೇಕಾದ್ದು ಆ ತಳದ ವಾಸನೆಯ ಜೊತೆ. ಹಾಗಾಗಿ ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ, ಸಂಜೆ ನಾಟಕ, ಸಂಗೀತ ನೋಡುವಾಗ ಒಮ್ಮೆ, ಮಲಗುವ ಮುಂಚೆ ಒಮ್ಮೆ ಮೂಸಿ, ಅನ್ನಿಸಿದ್ದನ್ನು ಬರೆದಿಡುತ್ತೇನೆ. ಡೆಕ್ಕಿನ ಮೇಲಿನ ಬಿಸಿಲು, ಗಾಳಿಗೆ ಸೆಂಟು ಬೇಗ ಆರಿಹೋಗುತ್ತದೆ. ಕೋಣೆಯ ಏಸಿ ತಂಪಿನಲ್ಲಿ ಅದು ಹೇಗಿರುತ್ತದೋ ನಮ್ಮೂರಿನ ಚಳಿಗಾಲಕ್ಕೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಈ ಪರೀಕ್ಷೆಯಲ್ಲಿ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಹೆಸರು ಹೊಡೆದುಹೋಗುತ್ತವೆ. ಹಾಗೆ ಕೊಳ್ಳದೆ ಬಿಟ್ಟದ್ದರ ದುಡ್ಡನ್ನೂ ನಾನು ಉಳಿತಾಯಕ್ಕೇ ಸೇರಿಸುತ್ತೇನೆ.

ದಿನಾ ಹೋದರೆ ಅಂಗಡಿಯವರು ಬೇಸರಪಡುತ್ತಾರೆಂಬ ಸಂಕೋಚ ಬೇಡ. ಅವರೂ ವಾರವಿಡೀ ಅಲ್ಲೇ ಇರುವವರು, ಮುಖ ಪರಿಚಯವಾದಷ್ಟೂ ನಮಗೆ ಒಳ್ಳೆಯದು. ಒಮ್ಮೆ ಕೌಂಟರಿನಲ್ಲಿದ್ದ ಹುಡುಗಿಯ ಹೆಸರಿನ ಬಿಲ್ಲೆಯಲ್ಲಿ 'ಇಂಡಿಯಾ' ಎಂದಿತ್ತು. ಮಾತಾಡಿಸಿದರೆ ಮಂಗಳೂರಿನವಳು! ನಾನು ಹಿಡಿದುಕೊಂಡು ನಿಂತಿದ್ದ ಬಾಟಲಿ ನೋಡಿ, "ಅಕ್ಕ, ಇದರ ರೇಟ್ ಎಲ್ಲ ಇಳಿಯುದಿಲ್ಲ. ಸೆಟ್ ಬೇಕಾದ್ರೆ ಮಾತ್ರ ಲಾಸ್ಟ್ ಸೀ ಡೇಗೆ ಬನ್ನಿ ಆಯ್ತಾ" ಎಂದಳು. ಆಮೇಲಿನ ಪ್ರವಾಸಗಳಲ್ಲೂ ಅವಳ ಮಾತು ನಿಜವೆಂದೇ ಕಂಡಿದೆ: ಕೊನೆಯ ದಿನದ ಮಾರಾಟದಲ್ಲಿ ಇಳಿಯುವುದು ಗಿಫ್ಟ್ ಸೆಟ್ಟುಗಳು, ಚಿಕ್ಕ ಬಾಟಲಿಗಳು. ದೊಡ್ಡ ಹೆಸರಿನವು ಮೊದಲ ದಿನ ಎಷ್ಟಿತ್ತೋ ಅಷ್ಟೇ, ಕಾದರೆ ಸ್ಟಾಕ್ ಮುಗಿದಿರುತ್ತದೆ.

ಬಂದರುಗಳ ವಿಷಯಕ್ಕೆ ಬಂದರೆ ನನಗೆ ಹೆಚ್ಚು ಇಷ್ಟ ಸೇಂಟ್ ಥಾಮಸ್ ದ್ವೀಪದ ಶಾರ್ಲಟ್ ಅಮಾಲಿ. ಅದು ಮೊದಲು ಡೆನ್ಮಾರ್ಕಿನದಾಗಿತ್ತು. 1917ರಲ್ಲಿ ಅಮೆರಿಕ ಅಕ್ಕಪಕ್ಕದ ದ್ವೀಪಗಳ ಸಮೇತ ಅದನ್ನು 25 ಮಿಲಿಯನ್ ಡಾಲರ್ ಚಿನ್ನ ಕೊಟ್ಟು ಕೊಂಡಿತು. ಮೇನ್ ಸ್ಟ್ರೀಟಿನ ಅಂಗಡಿಗಳು ಡೇನರ ಕಾಲದ ಕಲ್ಲು, ಇಟ್ಟಿಗೆಯ ಗೋದಾಮುಗಳಲ್ಲಿವೆ. ದಪ್ಪ ಗೋಡೆಯ ಒಳಗೆ ಕಾಲಿಟ್ಟರೆ ಬಿಸಿಲಿನ ಝಳ ಇಳಿದು ತಂಪು ತಟ್ಟುತ್ತದೆ. ಇಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ. ಹಡಗಿನಲ್ಲಿ ಸಿಗದ ಹಳೆಯ ಫ್ರೆಂಚ್ ಸೆಂಟುಗಳೂ ಸಿಗುತ್ತವೆ. ಗೆರ್ಲೇನ್ ಕಂಪನಿಯ 'ಸಂಸಾರ' ಎಂಬ ಸೆಂಟು ನನಗೆ ಸಿಕ್ಕಿದ್ದು ಇಲ್ಲೇ. 1989ರಲ್ಲಿ ಬಂದ ಈ ಸೆಂಟಿನ ಜೀವಾಳ ಮಲ್ಲಿಗೆ ಮತ್ತು ಶ್ರೀಗಂಧ. "ಮಲ್ಲಿಗೆ ಥರ ಇರೋದು ತಗೊಂಡು ಬಾರೇ, ಮೂಗಿಗೆ ಹೊಡೆಯೋದು ಮಾತ್ರ ಬೇಡ" ಎಂದು ಅಮ್ಮ ಮೈಸೂರಿನಿಂದ ಹೇಳಿದ್ದರು. 1916ರಿಂದ ಗಂಧದೆಣ್ಣೆ ತೆಗೆಯುತ್ತಿರುವ ಊರಿನವರಿಗೆ ಗಂಧದ ಸೆಂಟು ಒಪ್ಪಿಸುವುದು ಸುಲಭವಲ್ಲ. ಒಂದು ದಿನ ಕೈಮೇಲೆ ಇಟ್ಟುಕೊಂಡು ನೋಡಿದೆ. ಸಂಜೆಯ ಹೊತ್ತಿಗೆ ದೇವರ ಮನೆಯಲ್ಲಿ ಗಂಧ ತೇಯ್ದ ಹಾಗೆ ಮೆತ್ತಗೆ ಉಳಿದಿತ್ತು. ಹಡಗು ಅಲ್ಲಿ ರಾತ್ರಿಯವರೆಗೆ ನಿಂತಿದ್ದರಿಂದ ಮತ್ತೆ ಹೋಗಿ ಕೊಂಡೆ.

ಸೇಂಟ್ ಮಾರ್ಟನ್‌ನ ಫಿಲಿಪ್ಸ್‌ಬರ್ಗ್‌ನಲ್ಲಿ ಫ್ರಂಟ್ ಸ್ಟ್ರೀಟ್ ಉದ್ದಕ್ಕೂ ಅಂಗಡಿ, ಡಾಲರ್ ಧಾರಾಳವಾಗಿ ನಡೆಯುತ್ತದೆ. ಬಹಾಮಾಸ್‌ನ ನಾಸೋದಲ್ಲಿ ಬೇ ಸ್ಟ್ರೀಟ್. ಹಡಗಿನಲ್ಲಿ ಹಂಚುವ ಶಾಪಿಂಗ್ ನಕ್ಷೆಯಲ್ಲಿರುವ ಅಂಗಡಿಗಳು ಆ ಜಾಗಕ್ಕೆ ಹಣ ಕೊಟ್ಟು ಬಂದವು. ಅವು ಕೆಟ್ಟ ಅಂಗಡಿಗಳೆಂದಲ್ಲ, ಆದರೆ ಪಕ್ಕದ ಬೀದಿಯ ಬೆಲೆಯನ್ನೂ ಕೇಳಬೇಕು. ಒಡವೆಯಲ್ಲಿ ನಡೆಯುವಷ್ಟು ಚೌಕಾಸಿ ಸೆಂಟಿನಲ್ಲಿ ನಡೆಯುವುದಿಲ್ಲ. ಬೆಲೆ ಇಳಿಸದಿದ್ದರೂ, ಎರಡು ಬಾಟಲಿ ತೆಗೆದುಕೊಳ್ಳುತ್ತೇನೆ ಎಂದಾಗ ಪುಟ್ಟ ಸ್ಯಾಂಪಲ್‌ಗಳನ್ನು ಕೊಟ್ಟಿದ್ದಾರೆ. ಬೀದಿಬದಿಯ ಮೇಜಿನ ಮೇಲಿಟ್ಟದ್ದನ್ನು ನಾನು ಮುಟ್ಟುವುದಿಲ್ಲ, ನಕಲಿ ಇರಬಹುದು. ಅಂಗಡಿಯಲ್ಲೂ ಡಬ್ಬದ ಮೇಲಿನ ಬ್ಯಾಚ್ ನಂಬರು ಬಾಟಲಿಯ ತಳದ್ದಕ್ಕೆ ತಾಳೆಯಾಗುತ್ತದೆಯೇ ನೋಡುತ್ತೇನೆ, ಬಿಸಿಲು ಬೀಳುವ ಶೋಕೇಸಿನ ಬಾಟಲಿ ಕೊಟ್ಟರೆ ಒಳಗಿನ ಸ್ಟಾಕ್ ತರಿಸುತ್ತೇನೆ. ಬಿಸಿ, ಬೆಳಕು ಎರಡೂ ಸೆಂಟಿಗೆ ಶತ್ರು.

ದೊಡ್ಡ ಬಾಟಲಿಯೇ ಲಾಭ ಅನ್ನುವ ಮಾತಿಗೂ ಒಂದು ಲೆಕ್ಕವಿದೆ. ಒಂದು ಸಲ ಒತ್ತಿದರೆ ಸುಮಾರು 0.1 ಮಿ.ಲೀ. ಬರುತ್ತದೆ, 100 ಮಿ.ಲೀ. ಅಂದರೆ ಸಾವಿರದಷ್ಟು ಸಲ. ದಿನಾ ನಾಲ್ಕು ಸಲ ಹಾಕಿಕೊಂಡರೂ 250 ದಿನ. ಹಬ್ಬ, ಮದುವೆಗೆ ಮಾತ್ರ ಹಾಕುವ ಸೆಂಟಾದರೆ 30 ಮಿ.ಲೀ. ಸಾಕೋ ಸಾಕು, ಉಳಿದದ್ದು ಬೀರುವಿನಲ್ಲಿ ಕೂತು ಹಳತಾಗುತ್ತದೆ.

ಇನ್ನೊಂದು ವಿಷಯ, 'ಆನ್‌ಬೋರ್ಡ್ ಕ್ರೆಡಿಟ್'. ಬುಕಿಂಗ್ ಮಾಡುವಾಗ ಏಜೆಂಟರು ಹಡಗಿನಲ್ಲಿ ಖರ್ಚು ಮಾಡಲೆಂದು ಕೊಡುವ ಈ ಹಣದಲ್ಲಿ ಎಷ್ಟೋ ಸಲ ಉಳಿದದ್ದು ವಾಪಸ್ ಬರುವುದಿಲ್ಲ, ಖರ್ಚಾಗದಿದ್ದರೆ ಹೋಯಿತು. ನಮ್ಮ ಮನೆಯಲ್ಲಿ ಕುಡಿಯುವವರಿಲ್ಲ, ಜೂಜಾಡುವವರಿಲ್ಲ. ಆ ಹಣವೆಲ್ಲ ಸೆಂಟಿಗೇ. ಕೊನೆಯ ಸೀ ಡೇ ಬೆಳಿಗ್ಗೆ ಕೋಣೆಯ ಟಿವಿಯಲ್ಲಿ ಹಡಗಿನ ನಮ್ಮ ಖಾತೆ ತೆರೆದು ಎಷ್ಟು ಉಳಿದಿದೆ ನೋಡಿ, ವಾರದ ಪರೀಕ್ಷೆಯಲ್ಲಿ ಗೆದ್ದ ಬಾಟಲಿಯನ್ನು ಅದರಲ್ಲಿ ಕೊಳ್ಳುತ್ತೇನೆ.

ವಾಪಸ್ ಬರುವಾಗ ಬಿಲ್ಲುಗಳೆಲ್ಲ ಒಂದೇ ಕವರಿನಲ್ಲಿರಲಿ. ಅಮೆರಿಕದ ನಿವಾಸಿಗಳಿಗೆ ಸಾಮಾನ್ಯವಾಗಿ ತಲೆಗೆ 800 ಡಾಲರ್‌ವರೆಗಿನ ಸರಕಿಗೆ ಸುಂಕವಿಲ್ಲ. ಸೇಂಟ್ ಥಾಮಸ್ ಇರುವ ಯುಎಸ್ ವರ್ಜಿನ್ ಐಲೆಂಡ್ಸ್ ಮುಟ್ಟಿ ಬಂದರೆ ಮಿತಿ 1,600 ಡಾಲರ್, ಆದರೆ ಅದರಲ್ಲಿ ಬೇರೆ ಕಡೆ ಕೊಂಡದ್ದು 800 ಡಾಲರ್ ಮೀರಬಾರದು. ನ್ಯೂಜೆರ್ಸಿಯದೇ ಆದ ಬೇಯೊನ್ ಬಂದರಿನಿಂದ ಹೋಗಿದ್ದರೆ ನಮಗೆ ತಾಪತ್ರಯವಿಲ್ಲ, ಕಾರಿನಲ್ಲಿ ಮನೆಗೆ. ಫ್ಲಾರಿಡಾದಿಂದ ವಿಮಾನದಲ್ಲಿ ಬರುವಾಗ ಸೆಂಟೆಲ್ಲ ಚೆಕ್‌ಇನ್ ಸೂಟ್‌ಕೇಸಿಗೆ, ಡಬ್ಬದ ಸಮೇತ, ಜಿಪ್ ಕವರಿನಲ್ಲಿ ಹಾಕಿ, ಬಟ್ಟೆಯ ನಡುವೆ.