ಹೊರಗೆ ಸುತ್ತಿ ಒಳಗೆ ಬಂದು ಉಚ್ಚೆ ಹೊಯ್ಯುತ್ತಿದ್ದ ಗುಂಡಿ

ಒಂಬತ್ತು ವಾರದ ಜ್ಯಾಕ್ ರಸೆಲ್ ಟೆರಿಯರ್ ತಳಿಯ ನಾಯಿಮರಿ ಮನೆಗೆ ಬಂದ ಮೊದಲ ಸಂಜೆಯೇ ಹೂವಿನ ಪಾತಿಯಲ್ಲಿ ತನ್ನ ತಲೆ ಮುಳುಗುವಷ್ಟು ಮಣ್ಣು ಕೆದರಿತು. ಅದಕ್ಕೇ ಗುಂಡಿ ಎಂದು ಹೆಸರಿಟ್ಟೆವು. ಟೆರಿಯರ್ ಎಂಬ ಪದದ ಬೇರು ಲ್ಯಾಟಿನ್ನಿನಲ್ಲಿ ನೆಲ ಎಂಬ ಅರ್ಥದ ಪದ. ಬಿಲಕ್ಕೆ ನುಗ್ಗಿ ನರಿಯನ್ನೋ ಇಲಿಯನ್ನೋ ಹೊರಗೆಬ್ಬಿಸಲು ಬೆಳೆಸಿದ ತಳಿಗಳಿವು. ಈ ವಿಷಯ ನನಗೆ ಗೊತ್ತಿತ್ತು. ಆದರೆ ಅದಕ್ಕೂ ನಮ್ಮ ಕೋಣೆಯ ನೆಲ ಒದ್ದೆಯಾಗುವುದಕ್ಕೂ ಸಂಬಂಧವಿದೆಯೆಂದು ಹೊಳೆಯಲು ಮೂರು ವಾರ ಬೇಕಾಯಿತು.

ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದಷ್ಟು ಗಂಟೆ ತಡೆದುಕೊಳ್ಳುತ್ತದೆ ಎಂಬ ಲೆಕ್ಕವೊಂದಿದೆ. ಎರಡು ತಿಂಗಳ ಮರಿಗೆ ಮೂರು ಗಂಟೆ. ಅದು ಹೆಚ್ಚೆಂದರೆ ಮಲಗಿದ್ದಾಗಿನ ಮಾತು. ಎಚ್ಚರವಿದ್ದು ಕುಣಿಯುವ ಪುಟ್ಟ ತಳಿಯ ಮರಿಗೆ ಅರ್ಧ ಗಂಟೆಯೂ ಹೆಚ್ಚೇ. ನಿದ್ದೆಯಿಂದ ಎದ್ದ ಕೂಡಲೇ, ಉಂಡ ಹತ್ತಿಪ್ಪತ್ತು ನಿಮಿಷದೊಳಗೆ, ಆಟದ ನಡುವೆ ಥಟ್ಟನೆ ನಿಂತು ನೆಲ ಮೂಸಿದಾಗ ಎತ್ತಿಕೊಂಡು ಅಂಗಳಕ್ಕೆ ಓಡುತ್ತಿದ್ದೆ. ಲಸಿಕೆಗಳು ಮುಗಿದಿರಲಿಲ್ಲ, ಮರಿಗಳ ಜೀವಕ್ಕೇ ಎರವಾಗುವ ಪಾರ್ವೋ ವೈರಸ್ ಸೋಂಕಿನ ಭಯದಿಂದ ಬೇರೆ ನಾಯಿಗಳು ಓಡಾಡುವ ಜಾಗಕ್ಕೆ ಕರೆದೊಯ್ಯುವಂತಿರಲಿಲ್ಲ. ರಾತ್ರಿ ಅವಳು ಮಲಗುವ ಕ್ರೇಟು, ಅಂದರೆ ಪಂಜರದಂಥ ಪೆಟ್ಟಿಗೆ, ನನ್ನ ಹಾಸಿಗೆಯ ಪಕ್ಕದಲ್ಲೇ ಇರುತ್ತಿತ್ತು. ಗುಂಡಿ ಎದ್ದು ತಿರುಗಿ ಮಲಗುವಷ್ಟೇ ಜಾಗ ಅದರಲ್ಲಿ. ಹೆಚ್ಚು ಬಿಟ್ಟಿದ್ದರೆ ಒಂದು ಮೂಲೆ ಶೌಚಾಲಯವಾಗುತ್ತಿತ್ತು. ಕುಂಯ್‌ಗುಟ್ಟಿದರೆ ಏಳುವುದು, ಮಾತಿಲ್ಲದೆ ಹೊರಗೆ ಒಯ್ಯುವುದು, ಮರಳಿ ಮಲಗಿಸುವುದು. ರಾತ್ರಿಗಳು ಬೇಗ ಸರಿಹೋದವು.

ಕೆಟ್ಟದ್ದು ಹಗಲು. ಹೊರಗೆ ಇಪ್ಪತ್ತು ನಿಮಿಷ ನಿಂತರೂ ಏನೂ ಇಲ್ಲ. ಒಳಗೆ ಕಾಲಿಟ್ಟು ಎರಡು ನಿಮಿಷವಾಗಿರುವುದಿಲ್ಲ, ಸೋಫಾದ ಮುಂದೆ ಕೊಳ. ಒಮ್ಮೆ ಗದರಿಸಿದೆ. ಮಾರನೆಯ ದಿನದಿಂದ ಸೋಫಾದ ಹಿಂದೆ ಹೋಗತೊಡಗಿದಳು. ಮನೆಯೊಳಗೆ ಮಾಡಬಾರದು ಎಂದು ಅವಳಿಗೆ ಅರ್ಥವಾಗಿರಲಿಲ್ಲ, ನನ್ನ ಕಣ್ಣೆದುರು ಮಾಡಬಾರದು ಎಂದಷ್ಟೇ ಅರ್ಥವಾಗಿತ್ತು. ಅಂಗಳದಲ್ಲೂ ನನ್ನ ಕಣ್ಣು ಇದ್ದೇ ಇರುತ್ತದಲ್ಲ! ಆ ಒಂದು ಕೂಗು ನನಗೆ ವಾರದ ಕೆಲಸ ಹೆಚ್ಚಿಸಿತು. ಮೂತಿಯನ್ನು ನೆಲಕ್ಕೆ ಉಜ್ಜಿ ಎನ್ನುವವರ ಸಲಹೆಯನ್ನು ಪುಣ್ಯಕ್ಕೆ ಕೇಳಲಿಲ್ಲ.

ಬೇಸತ್ತು ಪುಸ್ತಕವೊಂದರಲ್ಲಿ ಬರೆಯತೊಡಗಿದೆ: ಊಟದ ಹೊತ್ತು, ನಿದ್ದೆ, ಉಚ್ಚೆ ಎಲ್ಲಿ, ಅದಕ್ಕೂ ಮೊದಲು ಏನಾಗಿತ್ತು. ಐದನೆಯ ದಿನ ಪುಟ ತಿರುವಿದಾಗ ಕಣ್ಣಿಗೆ ಹೊಡೆದದ್ದು ಒಳಗಿನ ಕೊಳಗಳಲ್ಲ, ಹೊರಗಿನ ಸಾಲುಗಳು. ಅಂಗಳದಲ್ಲಿ ಉಚ್ಚೆ ಹೊಯ್ದಾಗಲೆಲ್ಲ ಮುಂದಿನ ಸಾಲು ಒಂದೇ: ‘ಒಳಗೆ ಕರೆತಂದೆ’. ಕೆಲಸವಾಯಿತಲ್ಲ, ಎತ್ತಿಕೊಂಡು ಬಂದುಬಿಡುತ್ತಿದ್ದೆ. ಅವಳ ಲೆಕ್ಕದಲ್ಲಿ ಉಚ್ಚೆ ಹೊಯ್ದರೆ ಮಣ್ಣು, ಹುಳ, ವಾಸನೆ ಎಲ್ಲವೂ ಮುಗಿಯಿತು. ಟೆರಿಯರಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಆದಷ್ಟು ತಡೆದುಕೊಂಡು ಒಳಗೆ ಬಂದು ಹೊಯ್ಯುವುದೇ ಅವಳಿಗೆ ಲಾಭ.

ಕ್ರಮವನ್ನು ತಿರುಗಿಸಿದೆ. ಕುತ್ತಿಗೆಗೆ ಪಟ್ಟಿ, ಹಗ್ಗ, ಅಂಗಳದ ಒಂದೇ ಮೂಲೆ, ನಾನು ಕಂಬದಂತೆ ಮೌನ. ಮುಗಿಸಿದ ಕ್ಷಣವೇ, ಎರಡು ಸೆಕೆಂಡಿನೊಳಗೆ, ಅಲ್ಲೇ ಒಂದು ತಿನಿಸಿನ ಚೂರು; ಬಾಗಿಲವರೆಗೆ ಬಂದು ಕೊಟ್ಟರೆ ಬಾಗಿಲಿಗೆ ಬಂದದ್ದಕ್ಕೆ ಕೊಟ್ಟಂತೆ. ಆಮೇಲೆ ಹಗ್ಗ ಬಿಚ್ಚಿ ಹತ್ತು ನಿಮಿಷ ಕೆದರಲು ಬಿಡುವುದು. ಐದು ನಿಮಿಷದಲ್ಲಿ ಏನೂ ಆಗದಿದ್ದರೆ ಒಳಗೆ ತಂದು, ನೆಲಕ್ಕೆ ಬಿಡದೆ ಮಡಿಲಲ್ಲೋ ಕ್ರೇಟಿನಲ್ಲೋ ಇಟ್ಟುಕೊಂಡು, ಹದಿನೈದು ನಿಮಿಷಕ್ಕೆ ಮತ್ತೆ ಹೊರಗೆ. ಹೂವಿನ ಪಾತಿ ಹಾಳಾಯಿತು, ನೆಲ ಒಣಗಿತು. ವಾರದೊಳಗೆ ಅವಳು ಆ ಮೂಲೆಗೆ ಓಡಿ, ಕುಕ್ಕರಿಸಿ, ನನ್ನ ಕೈ ನೋಡತೊಡಗಿದಳು.

ಹಳೆಯ ಜಾಗಗಳನ್ನು ತೊಳೆಯಲು ವಾಸನೆಯ ಮೂಲವನ್ನೇ ಒಡೆಯುವ ಎನ್‌ಜೈಮ್ ಇರುವ ದ್ರಾವಣವೇ ಬೇಕಾಯಿತು. ಸುವಾಸನೆಯ ನೆಲದ್ರವ ನಮ್ಮ ಮೂಗನ್ನು ಮಾತ್ರ ಮೋಸಗೊಳಿಸುತ್ತದೆ. ಅಮೋನಿಯಾ ಇರುವಂಥದ್ದಂತೂ ಮೂತ್ರದ ವಾಸನೆಯನ್ನೇ ಹೋಲುತ್ತದೆ. ಉಚ್ಚೆ ಹೀರುವ ಪ್ಯಾಡ್‌ಗಳನ್ನು ನಾಲ್ಕೇ ದಿನಕ್ಕೆ ಎತ್ತಿಟ್ಟೆ: ಸ್ನಾನದ ಮನೆಯ ಕಾಲೊರಸು ಕೂಡ ಪ್ಯಾಡೇ ಎಂದು ಅವಳು ತೀರ್ಮಾನಿಸಿದ್ದಳು.

ಐದನೆಯ ತಿಂಗಳಲ್ಲಿ ಎಲ್ಲ ಸರಿಯಿದ್ದಾಗ ಒಂದು ದಿನ ಗಂಟೆಗೆ ನಾಲ್ಕು ಸಲ, ತೊಟ್ಟು ತೊಟ್ಟು. ತರಬೇತಿ ಮರೆತಳೆಂದು ಬೈಯುವ ಬದಲು ಪುಸ್ತಕ ಹಿಡಿದು ಪಶುವೈದ್ಯರ ಬಳಿ ಹೋದೆ. ಮೂತ್ರಕೋಶದ ಸೋಂಕು, ಔಷಧಿಯಿಂದ ಗುಣವಾಯಿತು.

ಬಳಿಕ ಬಾಗಿಲಿಗೆ ಒಂದು ಗಂಟೆ ಕಟ್ಟಿ, ಹೋಗಬೇಕೆನಿಸಿದಾಗ ಮೂತಿಯಿಂದ ಬಾರಿಸುವುದನ್ನು ಕಲಿಸಿದೆ. ಎರಡೇ ದಿನದಲ್ಲಿ ಕಲಿತಳು. ಮೂರನೆಯ ದಿನ ಹತ್ತೊಂಬತ್ತು ಸಲ ಬಾರಿಸಿದಳು. ಅದರಲ್ಲಿ ಉಚ್ಚೆಗೆ ಆರು, ಉಳಿದದ್ದೆಲ್ಲ ಪಾತಿಗೆ. ಗಂಟೆ ಬಿಚ್ಚಿಟ್ಟಿದ್ದೇನೆ. ಈಗ ಬಾಗಿಲ ಮುಂದೆ ಕುಳಿತು ನನ್ನನ್ನೇ ನೋಡುತ್ತಾಳೆ. ನಾನು ಮೊದಲು ಅವಳ ಮೂಗಿನ ಮೇಲೆ ಮಣ್ಣಿದೆಯೇ ಎಂದು ನೋಡಿ ಆಮೇಲೆ ಏಳುತ್ತೇನೆ.