ಸಮ್ಮೇಳನದ ಹಂಗಿಲ್ಲದೆ ಟ್ಯೂಬಿಂಗೆನ್‌ಗೆ: ನನ್ನ ಅನುಭವ

ಕಾಸರಗೋಡಿನ ಸರಕಾರಿ ಕಾಲೇಜೊಂದರ ಕನ್ನಡ ಅಧ್ಯಾಪಕನಿಗೆ, ಹೆಸರಾಂತ ಮಾರ್ಗದರ್ಶಕರ ಶಿಫಾರಸಾಗಲಿ ಮಹಾನಗರದ ವಿಶ್ವವಿದ್ಯಾಲಯದ ಲೆಟರ್‌ಹೆಡ್ ಆಗಲಿ ಇಲ್ಲದೆ ಯುರೋಪಿನ ಗ್ರಂಥಾಲಯಗಳ ಬಾಗಿಲು ತೆರೆಯುವುದಿಲ್ಲ ಎಂದು ಹೇಳಿದವರಲ್ಲಿ ನನ್ನ ಹಿತೈಷಿಗಳೇ ಹೆಚ್ಚು. 2023ರ ಬೇಸಿಗೆಯಲ್ಲಿ ನಾನು ಜರ್ಮನಿಯ ಟ್ಯೂಬಿಂಗೆನ್ ಮತ್ತು ಸ್ವಿಟ್ಜರ್ಲೆಂಡಿನ ಬಾಸೆಲ್‌ಗಳಲ್ಲಿ ಸುಮಾರು ಆರು ವಾರ ಕುಳಿತು ಕೆಲಸ ಮಾಡಿ ಬಂದೆ. ಮರಳಿ ಬರಬೇಕೆಂಬ ಪತ್ರವೂ ಈಗ ನನ್ನ ಕೈಯಲ್ಲಿದೆ. ಹಾಗಾಗಿ ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲು ನಾನೂ ಎಲ್ಲರಂತೆ ಸಮ್ಮೇಳನದ ದಾರಿಯನ್ನೇ ಹಿಡಿದಿದ್ದೆ. ಪ್ರಬಂಧ ಸ್ವೀಕೃತವಾಗುತ್ತಿತ್ತು, ಮುನ್ನೂರು ನಾನೂರು ಯೂರೋ ನೋಂದಣಿ ಶುಲ್ಕವನ್ನು ನಾನೇ ಕಟ್ಟುತ್ತಿದ್ದೆ, ಪ್ರಯಾಣ ಅನುದಾನದ ಉತ್ತರ ಮಾತ್ರ ಸಮ್ಮೇಳನ ಮುಗಿದ ಮೇಲೆ ಬರುತ್ತಿತ್ತು. ಒಮ್ಮೆ ಸಾಲ ಮಾಡಿ ಹೋಗಿ ಬಂದದ್ದಾಯಿತು. ಹದಿನೈದು ನಿಮಿಷ ಮಾತನಾಡಿದ್ದಕ್ಕೆ ಕೈಯಿಂದ ಒಂದೂವರೆ ಲಕ್ಷದಷ್ಟು ಹೋಯಿತು. ಧನಸಹಾಯ ನೀಡಿದ ಸಂಸ್ಥೆಯು, ಸರಕಾರ ಒಪ್ಪಿದ ಮೂರು ಏಜೆನ್ಸಿಗಳ ಮೂಲಕ ಟಿಕೆಟ್ ಕೊಂಡಿಲ್ಲವೆಂಬ ಕಾರಣ ಕೊಟ್ಟು, ವರ್ಷ ಕಳೆದ ಮೇಲೆ ಅರ್ಧಕ್ಕಿಂತ ಕಡಿಮೆ ಹಣವನ್ನು ಮಂಜೂರು ಮಾಡಿತು. ವಾರಾಂತ್ಯಕ್ಕೆ ನಿಗದಿಯಾಗಿದ್ದ ಆ ಸಮ್ಮೇಳನದ ಊರಿನಲ್ಲಿ, ನಾನು ನೋಡಬೇಕಿದ್ದ ದಾಖಲೆಗಳ ಕೊಠಡಿಗೆ ಬೀಗ ಹಾಕಿತ್ತು.

ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ನಮ್ಮ ಕರಾವಳಿಯ ಕಾಗದಪತ್ರಗಳು ಎಷ್ಟು ಅತ್ತ ಹೋದವು ಎಂಬುದು ಇದನ್ನು ಓದುವವರಿಗೆ ಗೊತ್ತು. ಆ ಮಿಷನ್ನಿನ ಪಾದ್ರಿ, ಮಲಯಾಳ ನಿಘಂಟುಕಾರ ಹರ್ಮನ್ ಗುಂಡರ್ಟರ ಸಂಗ್ರಹವು ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. 2018ರಿಂದ ಅದರ ದೊಡ್ಡ ಭಾಗವನ್ನು ಮನೆಯಲ್ಲೇ ಕುಳಿತು ನೋಡಬಹುದು. ಹಾಗಾದರೆ ಹೋಗುವುದೇಕೆ ಎಂದು ಕೇಳಿದವರಿಗೆ ನನ್ನ ಉತ್ತರ ಇಷ್ಟೆ: ಕಾಗದದ ನೀರುಗುರುತು, ಹೊಲಿಗೆಯೊಳಗೆ ಸಿಕ್ಕಿಬಿದ್ದ ಚೀಟಿ, ಎರಡು ಬಗೆಯ ಶಾಯಿ, ಇವು ಪರದೆಯ ಮೇಲೆ ಕಾಣುವುದಿಲ್ಲ.

ನನ್ನ ವಿಧಾನವೆಂದರೆ ಕೇಳುವ ಮೊದಲು ಕೊಡುವುದು. ಅತ್ತಲಿನ ಒಂದು ಸಂಗ್ರಹದ ಅಂತರ್ಜಾಲ ಪಟ್ಟಿಯಲ್ಲಿ ಕೇವಲ ‘ಕನ್ನಡ ಲೆಕ್ಕಪತ್ರ’ ಎಂದು ನಮೂದಾಗಿದ್ದ ಕೆಲವು ಹಾಳೆಗಳನ್ನು ಆರಿಸಿಕೊಂಡೆ. ಅಕ್ಷರಗಳನ್ನು ಕೂಡಿಸಿ ಬರೆದ ಮೋಡಿಯ ಕೈಬರಹ ಅದು. ಅರ್ಕಾವೊತ್ತು ಎಲ್ಲಿ ಮುಗಿದು ಮುಂದಿನ ಅಕ್ಷರ ಎಲ್ಲಿ ಆರಂಭವಾಗುತ್ತದೆ ಎಂಬುದು ತಿಳಿಯದು, ಕನ್ನಡದ ನಡುವೆ ತುಳು ಪದಗಳೂ ನುಸುಳಿವೆ. ಅದು ಗೇಣಿ ಅಕ್ಕಿಯ ಲೆಕ್ಕ. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂಬುದು ತಿಳಿಯದವನಿಗೆ ಅದರ ಮೊತ್ತಗಳು ಜನ್ಮದಲ್ಲಿ ತಾಳೆಯಾಗುವುದಿಲ್ಲ. ನನ್ನ ಅಜ್ಜನ ಮನೆಯ ಕಡತಗಳಲ್ಲಿ ಇಂಥದೇ ಅಕ್ಷರವನ್ನು ಓದಿ ಬೆಳೆದ ನನಗೆ ಅದು ಕೆಲವು ಸಂಜೆಗಳ ಕೆಲಸವಾಯಿತು. ಸಾಲು ಸಾಲಾಗಿ ಲಿಪ್ಯಂತರ ಮಾಡಿ, ಅಳತೆಗಳ ವಿವರಣೆ ಸೇರಿಸಿ, ಏನನ್ನೂ ಕೇಳದೆ ಕಳುಹಿಸಿದೆ. ಎರಡನೆಯ ಕಂತು ಕಳುಹಿಸಿದ ಮೇಲೆ, ಬಂದು ಉಳಿದದ್ದನ್ನೂ ನೋಡಬಹುದೇ ಎಂದು ಆ ಸಂಗ್ರಹದವರೇ ಕೇಳಿದರು. ಯಾರಿಗೆ ಬರೆಯಬೇಕು, ವರ್ಷದ ಯಾವ ತಿಂಗಳಲ್ಲಿ ಬರೆಯಬೇಕು ಎಂಬುದನ್ನು ನಾನು ಇಲ್ಲಿ ಹೇಳುವುದಿಲ್ಲ. ಪ್ರಾಧ್ಯಾಪಕರಿಗೆ ಬರೆಯುವುದಕ್ಕಿಂತ ಲಾಭದ ದಾರಿ ಬೇರೆ ಇದೆ ಎಂದಷ್ಟೇ ಹೇಳುತ್ತೇನೆ.

ಈ ನಡುವೆ ಒಂದು ಉಪಪ್ರಯೋಗವನ್ನೂ ಮಾಡಿದೆ. ಕೈಬರಹ ಓದುವ ಟ್ರಾನ್ಸ್‌ಕ್ರಿಬಸ್ ಎಂಬ ತಂತ್ರಾಂಶವು ಮಿಷನರಿಗಳ ಹಳೆಯ ಜರ್ಮನ್ ಕುರೆಂಟ್ ಬರಹವನ್ನು ಚೆನ್ನಾಗಿಯೇ ಓದಿತು, ಇಂದಿನ ಜರ್ಮನ್ ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ಎಂದರೂ ತಪ್ಪಲ್ಲ. ಅದಕ್ಕೆ ಕನ್ನಡ ಕಲಿಸಲು ಐವತ್ತು ಅರುವತ್ತು ಪುಟಗಳನ್ನು ಉಣಿಸಿ ನೋಡಿದೆ. ಒತ್ತಕ್ಷರ ಬಂದಲ್ಲೆಲ್ಲ ಅದು ಕೆಳಗಿನ ಸಾಲಿಗೆ ಜಾರಿತು. ಯಂತ್ರ ಓದಲಾರದ್ದನ್ನು ಓದುವುದೇ ನನ್ನ ಬಂಡವಾಳ ಎಂದುಕೊಂಡು ಬಿಟ್ಟುಬಿಟ್ಟೆ.

ವೀಸಾದ ವಿಷಯದಲ್ಲಿ ಕೇರಳಕ್ಕೆ ಸೇರಿದ ನಮ್ಮ ಜಿಲ್ಲೆಯ ಸರಕಾರಿ ಅಧ್ಯಾಪಕರಿಗೆ ಒಂದು ತೊಡಕಿದೆ. ವಿದೇಶಕ್ಕೆ ಹೋಗಲು ಸರಕಾರ ಕೊಡುವ ನಿರಾಕ್ಷೇಪಣಾ ಪತ್ರ ಮಲಯಾಳದಲ್ಲಿ ಬರುತ್ತದೆ. ಇಂಗ್ಲಿಷ್ ಪ್ರತಿಯನ್ನು ಮೊಹರಿನೊಂದಿಗೆ ಪಡೆಯಲು ತಿರುವನಂತಪುರಕ್ಕೆ ಹೋದ ಕಡತ ಮರಳುವಷ್ಟರಲ್ಲಿ, ವೀಸಾ ಅರ್ಜಿ ಕೊಡಲು ಕೊಚ್ಚಿಯಲ್ಲಿ ಕಾದಿರಿಸಿದ್ದ ಮೊದಲ ದಿನಾಂಕ ಕೈತಪ್ಪಿತ್ತು. ಆದುದರಿಂದ ಆ ಪತ್ರದ ಅರ್ಜಿಯಲ್ಲೇ ಎರಡೂ ಭಾಷೆಗಳ ಪ್ರತಿಯನ್ನು ಕೋರಬೇಕು. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾದ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲೇ ಸಲ್ಲಿಸಲು ಅವಕಾಶವಿರುವಾಗ ಕೊನೆಯ ತಿಂಗಳಿಗೆ ಕಾಯಬಾರದು. ಹೆಚ್ಚು ದಿನ ಇರುವ ದೇಶಕ್ಕೇ ಅರ್ಜಿ ಹಾಕಬೇಕಾದುದರಿಂದ ನಾನು ಜರ್ಮನಿಯ ವೀಸಾ ಪಡೆದೆ. ಸ್ವಿಟ್ಜರ್ಲೆಂಡ್‌ಗೂ ಅದೇ ಸಾಕಾಯಿತು.

ಇನ್ನು ಹಣ. ವಿಮಾನಕ್ಕೆ ಅರುವತ್ತೈದು ಸಾವಿರದ ಆಸುಪಾಸು ಆಗಿರಬೇಕು. ಮಂಗಳೂರು, ಕಣ್ಣೂರು ಎರಡೂ ಹತ್ತಿರವಿದ್ದರೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಹತ್ತಿದ್ದೇ ಅಗ್ಗವಾಯಿತು. ಟ್ಯೂಬಿಂಗೆನ್‌ನಲ್ಲಿ ಕೊಠಡಿಯನ್ನು ಆತಿಥೇಯರೇ ಅತಿಥಿಗೃಹದಲ್ಲಿ ಕೊಟ್ಟಿದ್ದರು; ಇದು ಆಹ್ವಾನಪತ್ರದಲ್ಲೇ ಬರೆದಿದ್ದರೆ ವೀಸಾಕ್ಕೂ ಅನುಕೂಲ. ಜರ್ಮನಿಯ ಪ್ರಾದೇಶಿಕ ರೈಲುಗಳಲ್ಲೆಲ್ಲ ಓಡಾಡಲು ಆಗ ತಿಂಗಳಿಗೆ 49 ಯೂರೋಗಳ ಟಿಕೆಟ್ ಹೊಸದಾಗಿ ಬಂದಿತ್ತು; ಈಗ ದರ ಏರಿದೆ. ಅದು ಚಂದಾ ಪದ್ಧತಿಯದು, ಹತ್ತನೆಯ ತಾರೀಕಿನೊಳಗೆ ರದ್ದುಪಡಿಸದಿದ್ದರೆ ಮುಂದಿನ ತಿಂಗಳ ಹಣವೂ ಹೋಗುತ್ತದೆ. ಆ ಟಿಕೆಟ್ ಬಾಸೆಲ್‌ನ ಬಾದಿಷರ್ ನಿಲ್ದಾಣದವರೆಗೂ ನಡೆಯುತ್ತದೆ. ಆದರೆ ಬಾಸೆಲ್‌ನಲ್ಲಿ ಮಲಗುವುದು ನಮ್ಮಂಥವರಿಗಲ್ಲ. ಮಂಜೇಶ್ವರದಲ್ಲಿ ಮನೆ ಮಾಡಿ ಮಂಗಳೂರಿಗೆ ಕೆಲಸಕ್ಕೆ ಹೋಗುವವರಂತೆ, ನಾನು ಗಡಿಯ ಈಚೆ ಜರ್ಮನಿಯ ವೈಲ್ ಆಮ್ ರೈನ್‌ನಲ್ಲಿ ಉಳಿದು, ಎಂಟನೆಯ ಸಂಖ್ಯೆಯ ಟ್ರಾಮಿನಲ್ಲಿ ನಿತ್ಯ ಗಡಿ ದಾಟಿದೆ. ಬಾಡಿಗೆಯಲ್ಲೂ ಊಟದಲ್ಲೂ ಸರಿಸುಮಾರು ಅರ್ಧ ಉಳಿಯಿತು. ಒಯ್ದ ಅವಲಕ್ಕಿಯೂ ಉಪ್ಪಿನಕಾಯಿಯೂ ಕೊನೆಯವರೆಗೆ ಬಂದವು. ತುಪ್ಪ, ಪೇಡೆಗಳನ್ನು ಕಟ್ಟಿಕೊಡುವ ಮನೆಯವರನ್ನು ತಡೆಯಬೇಕು, ಹಾಲಿನ ಪದಾರ್ಥಗಳನ್ನು ಅಲ್ಲಿಗೆ ಒಯ್ಯುವಂತಿಲ್ಲ.

ಒಟ್ಟು ಖರ್ಚು ಎರಡು ಲಕ್ಷದ ಒಳಗೇ ಮುಗಿಯಿತೆಂದು ನೆನಪು. ಅದರಲ್ಲಿ ಮುಕ್ಕಾಲು ಪಾಲನ್ನು ಆತಿಥೇಯರು ನಾನು ಹೊರಡುವ ಮೊದಲೇ ಬ್ಯಾಂಕಿಗೆ ಹಾಕಿದ್ದರು, ಏಕೆಂದರೆ ಅವರ ಪುಸ್ತಕದಲ್ಲಿ ನಾನು ಅತಿಥಿಯಲ್ಲ, ಪಟ್ಟಿ ತಯಾರಿಸುವ ತಜ್ಞ. ಮುಂದಿನ ಬಾರಿಗೆ ಜತೆಯಲ್ಲಿ ಒಬ್ಬ ಸಂಶೋಧನಾ ವಿದ್ಯಾರ್ಥಿನಿಯೂ ಬರುತ್ತಾಳೆ. ನನ್ನ ಅಜ್ಜನ ಕಡತಗಳನ್ನು ಈಗ ಅವಳಿಗೆ ಓದಲು ಕೊಟ್ಟಿದ್ದೇನೆ, ಅವಳು ಕಳುಹಿಸಬೇಕಾದ ಮೊದಲ ಕಂತು ಇನ್ನೂ ಅರ್ಧದಲ್ಲಿದೆ.