ಒಂದು ಶೀಟ್ ಪ್ಲೈವುಡ್‌ನಲ್ಲಿ ಸಾಕುಹಾವಿಗೆ ನಾಲ್ಕಡಿ ಗೂಡು: ನಾನು ಕಟ್ಟುವ ಕ್ರಮ

ಹಾವಿನ ಗೂಡಿನ ಅಳತೆಯನ್ನು ನಾನು ಶುರು ಮಾಡುವುದು ಬಲ್ಬಿನಿಂದ. ಬಿಸಿ ಕೊಡುವ ಬಲ್ಬಿನ ತುದಿಗೂ ಅದರ ಕೆಳಗೆ ಮೈ ಕಾಯಿಸಿಕೊಳ್ಳುವ ಹಾವಿನ ಬೆನ್ನಿಗೂ 30ರಿಂದ 35 ಸೆಂ.ಮೀ. ಅಂತರ ಬೇಕು. ಹೋಲ್ಡರ್ ಮತ್ತು ಬಲ್ಬ್ ಸೇರಿ ಸುಮಾರು 16 ಸೆಂ.ಮೀ. ಹಿಡಿಯುತ್ತವೆ, ನೆಲಹಾಸು 7 ಸೆಂ.ಮೀ. ಎಲ್ಲ ಕೂಡಿದರೆ ಒಳಗಿನ ಎತ್ತರ 56 ಸೆಂ.ಮೀ. ಹತ್ತಿರ ಬರುತ್ತದೆ. ಗೂಡು ಇದಕ್ಕಿಂತ ಗಿಡ್ಡವಾದರೆ ಹಾವಿನ ಬೆನ್ನು ಸುಡುತ್ತದೆ. ಅದಕ್ಕೆ ಹೆದರಿ ಕಡಿಮೆ ವ್ಯಾಟಿನ ಬಲ್ಬ್ ಹಾಕಿದರೆ ಇಡೀ ಗೂಡು ತಣ್ಣಗೆ ಉಳಿಯುತ್ತದೆ. ಹಾಗಾಗಿ ಮೊದಲು ಬಿಸಿಯ ಲೆಕ್ಕ, ಆಮೇಲೆ ಗರಗಸ.

ಕೆಳಗಿನ ಅಳತೆಗಳೆಲ್ಲ ಒಂದು ದೊಡ್ಡ ಕಾರ್ನ್ ಸ್ನೇಕ್ ಅಥವಾ ಒಂದು ಬಾಲ್ ಪೈಥಾನ್‌ಗಾಗಿ, ಹೊರಗಿನಿಂದ 120×60×60 ಸೆಂ.ಮೀ. ಇರುವ ಗೂಡಿನವು. ಹಾವು ಮೈಯನ್ನು ಪೂರ್ತಿ ನೀಳವಾಗಿ ಚಾಚುವಷ್ಟು ಉದ್ದ ಇರಬೇಕೆಂಬುದು ನನ್ನ ಪಕ್ಕಾ ಅಭಿಪ್ರಾಯ. ನಿಮ್ಮ ಹಾವು ನಾಲ್ಕಡಿ ಮೀರಿ ಬೆಳೆದಿದ್ದರೆ ಗೂಡಿನ ಉದ್ದವನ್ನೂ ಹೆಚ್ಚಿಸಿ. ಒಂದು ಗೂಡಿಗೆ ಒಂದೇ ಹಾವು.

ಹಲಗೆಗೆ 18 ಮಿ.ಮೀ. ಪ್ಲೈವುಡ್ ನನ್ನ ಆಯ್ಕೆ. ಎಂಡಿಎಫ್ (ಮರದ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆ) ಬೇಡ. ಬಣ್ಣ ಬಳಿದರೂ ಅಂಚಿನಲ್ಲಿ ಒಂದು ಹನಿ ನೀರು ಇಳಿದರೆ ಸಾಕು, ಅದು ಉಬ್ಬಿ ಹಿಟ್ಟಾಗುತ್ತದೆ. ಸೀಡರ್ ಮರವಂತೂ ಸುತರಾಂ ಬೇಡ, ಅದರ ಎಣ್ಣೆಯ ಆವಿ ಹಾವಿನ ಉಸಿರಾಟಕ್ಕೆ ಕೆಟ್ಟದ್ದು. ಗೆದ್ದಲು ಹಿಡಿಯದಂತೆ ಔಷಧಿ ಹೊಡೆದ ಮರವೂ ಬೇಡ. ಹೆಚ್ಚು ತೇವ ಬೇಕಾದ ಹಾವಿಗೆ 10 ಮಿ.ಮೀ. ಫೋಮ್ ಪಿವಿಸಿ ಶೀಟ್ ಒಳ್ಳೆಯದು. ಅದು ನೀರು ಹೀರುವುದಿಲ್ಲ, ತೂಕವೂ ಪ್ಲೈವುಡ್‌ನ ಅರ್ಧದಷ್ಟು. ಆದರೆ ಬಲ್ಬಿನ ಹತ್ತಿರ ಮೆತ್ತಗಾಗಿ ಬಾಗುತ್ತದೆ, ಸ್ಕ್ರೂ ಕೂಡ ಅಷ್ಟು ಗಟ್ಟಿಯಾಗಿ ಕಚ್ಚುವುದಿಲ್ಲ.

2440×1220 ಮಿ.ಮೀ. ಅಳತೆಯ ಒಂದೇ ಶೀಟಿನಲ್ಲಿ ಐದು ಹಲಗೆಗಳೂ ಸಿಗುತ್ತವೆ. ಶೀಟನ್ನು ಅಡ್ಡಕ್ಕೆ 600 ಮಿ.ಮೀ. ಅಗಲದ ನಾಲ್ಕು ಪಟ್ಟಿಗಳಾಗಿ ಕೊಯ್ಯಿಸಿ. ಗರಗಸ ತಿನ್ನುವ 3 ಮಿ.ಮೀ. ಲೆಕ್ಕ ಹಿಡಿದರೂ 2409ಕ್ಕೆ ಮುಗಿಯುತ್ತದೆ. ಮೊದಲ ಎರಡು ಪಟ್ಟಿಗಳಿಂದ ತಳ ಮತ್ತು ಚಾವಣಿ, ತಲಾ 1200×600. ಮೂರನೆಯದರಿಂದ ಎರಡು ಪಕ್ಕದ ಹಲಗೆ, ತಲಾ 600×564. ನಾಲ್ಕನೆಯದರಿಂದ ಹಿಂಗೋಡೆ, 1164×564. ಮುಂಭಾಗಕ್ಕೆ 1164 ಮಿ.ಮೀ. ಉದ್ದದ ಎರಡು ಪಟ್ಟಿಗಳು ಬೇಕು, ಕೆಳಗೆ 100 ಮಿ.ಮೀ. ಅಗಲದ್ದು, ಮೇಲೆ 50 ಮಿ.ಮೀ. ಅಗಲದ್ದು. ಇವು ಮಾತ್ರ ಈ ಶೀಟಿನಲ್ಲಿ ಬರುವುದಿಲ್ಲ, ಬೇರೆ ತುಂಡು ನೋಡಿಕೊಳ್ಳಬೇಕು. ಕೊಯ್ಯಿಸುವ ಮೊದಲು ಹಲಗೆಯ ದಪ್ಪವನ್ನು ನಿಮ್ಮ ಕೈಯಾರೆ ಅಳೆಯಿರಿ. 18 ಎಂದು ಬರುವುದು ಎಷ್ಟೋ ಸಲ 17 ಇರುತ್ತದೆ. ಆಗ 564 ಎಂಬುದು 566 ಆಗಬೇಕು, 1164 ಎಂಬುದು 1166. ಈ ಎರಡು ಮಿ.ಮೀ. ಬಿಟ್ಟರೆ ಹಿಂಗೋಡೆಯ ಸುತ್ತ ಸಂದಿ ಉಳಿಯುತ್ತದೆ.

ಜೋಡಣೆಯಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಪಕ್ಕದ ಹಲಗೆಗಳು ತಳದ ಮೇಲೆ ನಿಲ್ಲುತ್ತವೆ, ಹಿಂಗೋಡೆ ಅವುಗಳ ನಡುವೆ ಕೂರುತ್ತದೆ, ಚಾವಣಿ ಕೊನೆಗೆ. ಕೂಡುವ ಪ್ರತಿ ಅಂಚಿಗೂ ಮರದ ಅಂಟು ಹಚ್ಚಿ, 15 ಸೆಂ.ಮೀ.ಗೊಂದರಂತೆ 4×40 ಮಿ.ಮೀ. ಸ್ಕ್ರೂ ಹಾಕಿ. 3 ಮಿ.ಮೀ. ಬಿಟ್‌ನಿಂದ ಮೊದಲೇ ತೂತು ಕೊರೆಯದೆ ಸ್ಕ್ರೂ ತಿರುಗಿಸಿದರೆ ಪ್ಲೈವುಡ್‌ನ ಪದರ ಬಿಡುತ್ತದೆ. ಬಿಗಿ ಮಾಡುವ ಮುನ್ನ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆದು ನೋಡಿ. ಎರಡಕ್ಕೂ ಒಂದೇ ಅಳತೆ ಬರದಿದ್ದರೆ ಪೆಟ್ಟಿಗೆ ಸೊಟ್ಟಗಿದೆ ಎಂದರ್ಥ, ಮುಂದೆ ಗಾಜು ಸರಿಯುವುದೇ ಇಲ್ಲ. ಒಳಗೆ ಸ್ಕ್ರೂ ಮೊನೆ ಎಲ್ಲಾದರೂ ಎದ್ದಿದೆಯೇ ಎಂದು ಅಂಗೈ ಸವರಿ ನೋಡಿ, ಒಳಗಿನ ಅಂಚುಗಳನ್ನೆಲ್ಲ ಉಪ್ಪುಕಾಗದದಿಂದ ತಿಕ್ಕಿ ಮೊಂಡು ಮಾಡಿ.

ತೂತುಗಳೆಲ್ಲ ವಾರ್ನಿಷ್‌ಗೆ ಮೊದಲೇ ಆಗಬೇಕು. ಗಾಳಿಗೆ ಹಿಂಗೋಡೆಯಲ್ಲಿ ಎರಡು ಕಡೆ: ತಣ್ಣನೆಯ ತುದಿಯಲ್ಲಿ ನೆಲಹಾಸಿಗಿಂತ ಸ್ವಲ್ಪ ಮೇಲೆ, ಬಿಸಿ ತುದಿಯಲ್ಲಿ ಚಾವಣಿಯ ಹತ್ತಿರ. ಬಿಸಿಗಾಳಿ ಮೇಲಿಂದ ಹೊರಹೋದಂತೆ ತಣ್ಣನೆಯ ಗಾಳಿ ಕೆಳಗಿನಿಂದ ತಾನಾಗಿ ಒಳಬರುತ್ತದೆ, ಫ್ಯಾನ್ ಬೇಕಿಲ್ಲ. ಪ್ರತಿ ಕಡೆ 50 ಮಿ.ಮೀ. ವ್ಯಾಸದ ಎರಡು ತೂತುಗಳಿಂದ ಶುರು ಮಾಡಿ. ಕಡಿಮೆಯಾದರೆ ಇನ್ನೊಂದು ಕೊರೆಯಬಹುದು, ಹೆಚ್ಚಾದರೆ ಮುಚ್ಚುವುದು ರೇಜಿಗೆಯ ಕೆಲಸ. ಬಾಲ್ ಪೈಥಾನ್‌ಗೆ ಇಷ್ಟರಲ್ಲೇ ತೇವ ನಿಲ್ಲುತ್ತದೆ, ಕಾರ್ನ್ ಸ್ನೇಕ್‌ಗೆ ಸಾಮಾನ್ಯವಾಗಿ ಒಂದೆರಡು ಹೆಚ್ಚು ಬೇಕಾಗುತ್ತವೆ. ಈ ತೂತುಗಳಿಗೆ ಹೊರಗಿನಿಂದ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಇಟ್ಟು, ಅದರ ಮೇಲೆ ಮರದ ಚೌಕಟ್ಟು ಕೂರಿಸಿ ಸ್ಕ್ರೂ ಹಾಕುತ್ತೇನೆ. ಸ್ಟೇಪ್ಲರ್ ಪಿನ್ ಸಾಲದು, ಹಾವು ಮೂತಿಯಿಂದ ಒತ್ತಿ ಒತ್ತಿ ಅದನ್ನು ಸಡಿಲಿಸುತ್ತದೆ. ಜಾಲರಿಯನ್ನು ಒಳಗಡೆ ಹೊಡೆದರೆ ಅದೇ ಮೂತಿ ತಂತಿಗೆ ಉಜ್ಜಿ ಹುಣ್ಣಾಗುತ್ತದೆ.

ವೈರ್ ಹೋಗುವ ತೂತು ಸಣ್ಣ ವಿಷಯ ಅನ್ನಿಸುತ್ತದೆ. ಹಾವು ತಪ್ಪಿಸಿಕೊಳ್ಳುವ ಮುಖ್ಯ ದಾರಿಗಳಲ್ಲಿ ಅದೂ ಒಂದು. ತಲೆ ತೂರಿದಲ್ಲಿ ಸಾಮಾನ್ಯವಾಗಿ ಉಳಿದ ಮೈಯೂ ತೂರುತ್ತದೆ. ಪ್ಲಗ್ ಸಮೇತ ತೂರಿಸಲು ದೊಡ್ಡ ತೂತು ಕೊರೆಯುವ ಬದಲು ವೈರ್ ತುದಿ ಮಾತ್ರ ದಾಟುವಷ್ಟು ಕೊರೆದು, ಕೇಬಲ್ ಗ್ಲ್ಯಾಂಡ್ (ವೈರನ್ನು ಸುತ್ತಲೂ ಬಿಗಿಹಿಡಿಯುವ ಬಿರಡೆ) ಹಾಕಿ ಬಿಗಿದು, ಪ್ಲಗ್ಗನ್ನು ಹೊರಗೆ ಜೋಡಿಸಿ.

ಒಳಮೈಗೆ ನೀರು ಬೆರೆಸುವ ಬಗೆಯ ಪಾಲಿಯುರಿಥೇನ್ ವಾರ್ನಿಷ್ ನಾಲ್ಕು ಕೈ, ಪ್ರತಿ ಕೈಯ ನಡುವೆ ನಯವಾದ ಉಪ್ಪುಕಾಗದದಿಂದ ಹಗುರಾಗಿ ತಿಕ್ಕಬೇಕು. ಕೊಯ್ದ ಅಂಚುಗಳು ಹೆಚ್ಚು ಹೀರುತ್ತವೆ, ಅಲ್ಲಿಗೆ ಇನ್ನೆರಡು ಕೈ ಹಾಕಿ. ವಾರ್ನಿಷ್ ಒಣಗಿದ ಮೇಲೆ ಒಳಗಿನ ಸಂದುಗಳಿಗೆಲ್ಲ ಅಕ್ವೇರಿಯಂಗೆ ಬಳಸುವ ಸಿಲಿಕೋನ್ ಎಳೆದು ಬೆರಳಲ್ಲಿ ಸವರಿ. ಬೂಷ್ಟು ನಿರೋಧಕ ಎಂದು ಬರೆದಿರುವ ಬಚ್ಚಲಮನೆಯ ಸಿಲಿಕೋನ್ ಬೇಡ, ಅದರಲ್ಲಿ ಶಿಲೀಂಧ್ರನಾಶಕ ಇರುತ್ತದೆ. ಸಂದು ಮುಚ್ಚುವುದು ನೀರು ಇಳಿಯದಿರಲಿ ಎಂದಷ್ಟೇ ಅಲ್ಲ, ಹಾವಿನ ಮೈಗೆ ಹತ್ತುವ ಮೈಟ್ ಹುಳುಗಳು ಮೊಟ್ಟೆಯಿಡುವುದೂ ಇಂಥ ಸಂದಿಗಳಲ್ಲೇ. ಸಿಲಿಕೋನ್‌ನ ಹುಳಿವಾಸನೆ, ವಾರ್ನಿಷ್‌ನ ಘಾಟು ಎರಡೂ ಪೂರ್ತಿ ಹೋಗಲು ಎರಡು ಮೂರು ವಾರ ಬೇಕು. ತೆರೆದಿಟ್ಟ ಗೂಡು ಮೂಸಿದರೆ ಸಾಲದು. ಒಂದು ರಾತ್ರಿ ಮುಚ್ಚಿಟ್ಟು, ಬೆಳಗ್ಗೆ ತೆರೆದ ಕೂಡಲೇ ಮೂಸಿ ನೋಡಿ.

ಗಾಜಿಗೆ ಬರೋಣ. ಮುಂಭಾಗದ ಕಂಡಿ 1164×414 ಮಿ.ಮೀ. ಉಳಿದಿರುತ್ತದೆ. ಸರಿಯುವ ಎರಡು ಗಾಜುಗಳು ಒಂದರ ಮೇಲೊಂದು 36 ಮಿ.ಮೀ. ಹಾಯಬೇಕು, ಆಗ ಒಂದೊಂದರ ಅಗಲ 600. ಎತ್ತರವನ್ನು ಮಾತ್ರ ಟ್ರ್ಯಾಕ್, ಅಂದರೆ ಗಾಜು ಸರಿಯುವ ಕಾಲುವೆಪಟ್ಟಿ, ಕೂರಿಸಿದ ಮೇಲೆಯೇ ಅಳೆಯಬೇಕು. ಆಳದ ಕಾಲುವೆ ಇರುವ ಟ್ರ್ಯಾಕ್ ಮೇಲ್ಗಡೆ, ಆಳ ಕಡಿಮೆ ಇರುವುದು ಕೆಳಗೆ. ಅದಲುಬದಲಾದರೆ ಗಾಜು ಹಾಕಲು ಬರುವುದೇ ಇಲ್ಲ. ಕೆಳಗಿನದು 6 ಮಿ.ಮೀ., ಮೇಲಿನದು 12 ಮಿ.ಮೀ. ಆಳ ಎಂದುಕೊಳ್ಳಿ. ಕೆಳಗಾಲುವೆಯ ತಳದಿಂದ ಮೇಲುಗಾಲುವೆಯ ತುದಿವರೆಗೆ ಅಳೆದು, ಅದರಲ್ಲಿ 8 ಮಿ.ಮೀ. ಕಳೆದದ್ದು ಗಾಜಿನ ಎತ್ತರ. ಹೀಗಿದ್ದರೆ ಗಾಜನ್ನು ಮೇಲಕ್ಕೆತ್ತಿ ಕೆಳಗಿನ ಅಂಚು ದಾಟಿಸಬಹುದು, ಇಳಿಸಿದ ಮೇಲೂ ಮೇಲ್ತುದಿ 4 ಮಿ.ಮೀ. ಒಳಗೇ ನಿಂತಿರುತ್ತದೆ. ಗಾಜು 4 ಮಿ.ಮೀ. ದಪ್ಪದ್ದಾಗಿರಲಿ, ಅಂಚುಗಳನ್ನು ಉಜ್ಜಿ ನಯ ಮಾಡಿಸಿರಬೇಕು. ಟಫನ್ಡ್ ಗಾಜನ್ನು (ಕಾಯಿಸಿ ಗಟ್ಟಿ ಮಾಡಿದ್ದು) ಆಮೇಲೆ ಕೊಯ್ಯಲಾಗದು, ಆದ್ದರಿಂದ ಆರ್ಡರ್ ಕೊಡುವ ಮುನ್ನ ಕಂಡಿಯ ಎರಡೂ ತುದಿ ಮತ್ತು ನಡುವೆ, ಮೂರೂ ಕಡೆ ಎತ್ತರ ಅಳೆದು ಕಡಿಮೆ ಬಂದದ್ದನ್ನು ಹಿಡಿಯಿರಿ.

ಶೋಕೇಸ್‌ಗೆ ಹಾಕುವ ಹಲ್ಲುಪಟ್ಟಿಯ ಬೀಗ ಕಡ್ಡಾಯ. ಹಾವು ರಾತ್ರಿಯೆಲ್ಲ ಮೂತಿಯನ್ನು ಗಾಜಿನ ಅಂಚಿಗೆ ಒತ್ತಿ ಸುಲಭವಾಗಿ ಅದನ್ನು ಸರಿಸುತ್ತದೆ. ಎರಡು ಗಾಜುಗಳ ನಡುವೆ ಉಳಿಯುವ ಸಂದಿ ದೊಡ್ಡ ಹಾವಿಗೆ ಲೆಕ್ಕಕ್ಕಿಲ್ಲ. ಮರಿಗಾದರೆ ಆ ಸಂದಿಗೆ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ, ಅಥವಾ ಮರಿ ದಪ್ಪವಾಗುವವರೆಗೆ ಸಣ್ಣ ಡಬ್ಬದಲ್ಲೇ ಸಾಕಿ.

ಇನ್ನು ಬಿಸಿ. ಇಡೀ ಗೂಡಿನಲ್ಲಿ ಹಾವಿನ ಜೀವಕ್ಕೆ ಎರವಾಗಬಲ್ಲದ್ದು ಮುಖ್ಯವಾಗಿ ಇದೇ, ಹಾಗಾಗಿ ಇಲ್ಲಿ ಅವಸರ ಬೇಡ. ಬಿಸಿಯೆಲ್ಲ ಒಂದು ತುದಿಯಲ್ಲಿರಬೇಕು, ಇನ್ನೊಂದು ತುದಿ ತಣ್ಣಗಿರಬೇಕು. ಹಾವು ತನಗೆ ಬೇಕಾದ ಕಡೆ ಹೋಗಿ ಮಲಗುತ್ತದೆ. ಬಾಲ್ ಪೈಥಾನ್‌ಗೆ ಬಲ್ಬಿನ ಕೆಳಗಿನ ನೆಲ 32ರಿಂದ 34 ಡಿಗ್ರಿ ಸೆಲ್ಸಿಯಸ್, ತಣ್ಣನೆಯ ತುದಿ 25ರಿಂದ 27. ಕಾರ್ನ್ ಸ್ನೇಕ್‌ಗೆ ಬಲ್ಬಿನ ಕೆಳಗೆ 30ರಿಂದ 32, ತಣ್ಣನೆಯ ತುದಿ 22ರಿಂದ 25. ಮರದ ತಳದ ಕೆಳಗೆ ಹೀಟ್ ಮ್ಯಾಟ್ ಇಟ್ಟು ಪ್ರಯೋಜನವಿಲ್ಲ, 18 ಮಿ.ಮೀ. ಮರ ಬಿಸಿಯನ್ನು ಮೇಲಕ್ಕೆ ಬಿಡುವುದಿಲ್ಲ. ಒಳಗೆ ನೆಲಹಾಸಿನಡಿ ಇಟ್ಟರೆ ಬಿಸಿ ಸಿಕ್ಕಿಕೊಂಡು ಮ್ಯಾಟೇ ಅತಿಯಾಗಿ ಕಾಯುತ್ತದೆ. ನಾನು ಹಗಲಿಗೆ ಹ್ಯಾಲೊಜನ್ ಬಲ್ಬ್, ರಾತ್ರಿ ಕೋಣೆ ತೀರಾ ತಣ್ಣಗಾಗುವ ಕಡೆ ಬೆಳಕು ಕೊಡದ ಸೆರಾಮಿಕ್ ಹೀಟರ್ ಬಳಸುತ್ತೇನೆ. ಈ ಅಳತೆಯ ಗೂಡಿಗೆ 100 ವ್ಯಾಟ್ ಸಾಮಾನ್ಯವಾಗಿ ಸಾಕು. ಹೋಲ್ಡರ್ ಪಿಂಗಾಣಿಯದೇ ಆಗಿರಬೇಕು, ಅದಕ್ಕೆ ಸೇರುವ ವೈರ್ ಶಾಖ ತಡೆಯುವ ಸಿಲಿಕೋನ್ ಹೊದಿಕೆಯದು. ಹೋಲ್ಡರ್‌ಗೂ ಚಾವಣಿಗೂ ನಡುವೆ ಅಲ್ಯೂಮಿನಿಯಂ ತಗಡೊಂದನ್ನು ವಾಷರ್ ಕೊಟ್ಟು ಮರದಿಂದ 10 ಮಿ.ಮೀ. ಬಿಟ್ಟು ಕೂರಿಸಿ.

ಬಲ್ಬಿನ ಸುತ್ತ ಜಾಲರಿಯ ಗೂಡು ಇರಲೇಬೇಕು. ಸೆರಾಮಿಕ್ ಹೀಟರಿನ ಮೈ 200 ಡಿಗ್ರಿ ದಾಟುತ್ತದೆ. ಹಾವು ಬಿಸಿ ವಸ್ತುವಿಗೆ ಸುತ್ತಿಕೊಂಡರೆ ಚರ್ಮ ಬೆಂದರೂ ಎಷ್ಟೋ ಸಲ ಬಿಟ್ಟು ಸರಿಯುವುದಿಲ್ಲ. ಜಾಲರಿಯೂ ಕಾಯುವುದರಿಂದ ಹಾವು ಅದರ ಮೇಲೆ ಹತ್ತದಂತೆ ಕೊಂಬೆಗಳನ್ನು ದೂರ ಇಡಬೇಕು.

ಥರ್ಮೋಸ್ಟಾಟ್ (ಬಿಸಿ ನೋಡಿ ಹೀಟರನ್ನು ತಾನಾಗಿ ಹತೋಟಿಯಲ್ಲಿಡುವ ಸಾಧನ) ಇಲ್ಲದೆ ಯಾವ ಹೀಟರನ್ನೂ ಪ್ಲಗ್ಗಿಗೆ ಹಾಕಬೇಡಿ. ಹ್ಯಾಲೊಜನ್‌ಗೆ ವಿದ್ಯುತ್ತನ್ನು ನಿಧಾನವಾಗಿ ಏರಿಸಿ ಇಳಿಸುವ ಡಿಮ್ಮಿಂಗ್ ಬಗೆಯದು, ಸೆರಾಮಿಕ್‌ಗೆ ಅದನ್ನು ಬಿಟ್ಟು ಬಿಟ್ಟು ಕೊಡುವ ಪಲ್ಸ್ ಬಗೆಯದು. ಆನ್-ಆಫ್ ಬಗೆಯದನ್ನು ಹ್ಯಾಲೊಜನ್‌ಗೆ ಕೊಟ್ಟರೆ ಬಲ್ಬ್ ದಿನವಿಡೀ ಮಿನುಗಿ ಬೇಗ ಸುಟ್ಟುಹೋಗುತ್ತದೆ. ಥರ್ಮೋಸ್ಟಾಟ್ ಕೊಂಡವರು ಎಡವುವುದು ಅದರ ಪ್ರೋಬಿನಲ್ಲಿ, ಅಂದರೆ ಬಿಸಿ ಅಳೆಯುವ ವೈರಿನ ತುದಿಯಲ್ಲಿ. ಅದು ಸಡಿಲವಾಗಿ ನೇತಾಡುತ್ತಿದ್ದರೆ ಹಾವು ಎಳೆದಾಡುತ್ತದೆ. ಎಳೆದು ನೀರಿನ ಬಟ್ಟಲಿಗೆ ಬಿತ್ತು ಎಂದುಕೊಳ್ಳಿ, ಥರ್ಮೋಸ್ಟಾಟ್‌ಗೆ ಗೂಡು ತಣ್ಣಗಿದೆ ಎಂದು ಕಾಣುತ್ತದೆ, ಹೀಟರ್ ಪೂರ್ತಿ ಉರಿಯುತ್ತಲೇ ಇರುತ್ತದೆ. ಬಲ್ಬಿನ ಪಕ್ಕಕ್ಕೆ ಸರಿದರೆ ಉಲ್ಟಾ, ಗೂಡು ಕಾಯುವ ಮೊದಲೇ ಹೀಟರ್ ಆರುತ್ತದೆ. ಆದ್ದರಿಂದ ಪ್ರೋಬನ್ನು ಬಿಸಿ ತುದಿಯ ಹಿಂಗೋಡೆಗೆ, ನೆಲಹಾಸಿನಿಂದ 5 ಸೆಂ.ಮೀ. ಮೇಲೆ, ಸ್ಕ್ರೂ ಕ್ಲಿಪ್‌ನಿಂದ ಬಿಗಿಯುತ್ತೇನೆ. ಅಂಟು ಟೇಪ್ ಮಾತ್ರ ಗೂಡಿನೊಳಗೆ ಎಲ್ಲೂ ಬೇಡ. ಹಾವಿಗೆ ಅಂಟಿದರೆ ಬಿಡಿಸುವಾಗ ಚರ್ಮವೇ ಕಿತ್ತುಬರುತ್ತದೆ. ಪ್ರೋಬ್ ಗೋಡೆಯಲ್ಲಿರುವುದರಿಂದ ಥರ್ಮೋಸ್ಟಾಟ್‌ನಲ್ಲಿ 32 ಎಂದು ಇಟ್ಟರೆ ನೆಲದಲ್ಲೂ 32 ಬರುತ್ತದೆ ಎಂದೇನಿಲ್ಲ. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೆಲವನ್ನು ನೋಡಿ, ಅಲ್ಲಿ ಬೇಕಾದ್ದು ಬರುವವರೆಗೆ ಗುಂಡಿಯನ್ನು ಏರಿಸಿ ಇಳಿಸಿ. ಗಾಜಿಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರುಗಳನ್ನು ನಾನು ನಂಬುವುದಿಲ್ಲ.

ತೇವಾಂಶ ಮಾಪಕವನ್ನೂ ಪರೀಕ್ಷಿಸಿಯೇ ಇಡಬೇಕು. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ಕೆಲವೇ ಹನಿ ನೀರು ಬೆರೆಸಿ ಒದ್ದೆ ಮರಳಿನಂತೆ ಮಾಡಿ, ಮಾಪಕದ ಜೊತೆ ಗಾಳಿಯಾಡದ ಚೀಲದಲ್ಲಿ ಒಂದು ರಾತ್ರಿ ಇಡಿ. ಬೆಳಗ್ಗೆ ಅದು ಶೇ. 75 ತೋರಿಸಬೇಕು. 70 ತೋರಿಸಿದರೆ, ಮುಂದೆ ನೋಡಿದಾಗಲೆಲ್ಲ 5 ಕೂಡಿಸಿಕೊಳ್ಳಿ.

ಒಳಗಿನ ಸಜ್ಜಿಕೆಯಲ್ಲಿ ಮುಖ್ಯವಾದದ್ದು ಅಡಗುತಾಣ. ಬಿಸಿ ತುದಿಗೊಂದು, ತಣ್ಣನೆಯ ತುದಿಗೊಂದು, ಎರಡೂ ಒಂದೇ ತರಹದವು. ಒಂದೇ ಇಟ್ಟರೆ ಹಾವು ಸುರಕ್ಷತೆಗಾಗಿ ಬೇಡದ ಶಾಖದಲ್ಲೇ ಕೂತಿರುತ್ತದೆ. ಸುತ್ತಿ ಮಲಗಿದಾಗ ಮೈ ಗೋಡೆಗೆ ತಾಗುವಷ್ಟು ಇಕ್ಕಟ್ಟು ಅದಕ್ಕೆ ಇಷ್ಟ. ನೆಲಹಾಸಿಗೆ ಬಾಲ್ ಪೈಥಾನ್‌ಗೆ ತೆಂಗಿನ ನಾರಿನ ಪುಡಿ, ಕಾರ್ನ್ ಸ್ನೇಕ್‌ಗೆ ಆಸ್ಪೆನ್ ಮರದ ಹೊಟ್ಟು. ತೇವ ಕಡಿಮೆಯಾದರೆ ಪೊರೆ ತುಂಡುತುಂಡಾಗಿ ಬರುತ್ತದೆ, ಕಣ್ಣಿನ ಮೇಲಿನ ಪೊರೆ ಉಳಿದುಬಿಡುತ್ತದೆ. ಹಾಗೆಂದು ಇಡೀ ನೆಲ ತೊಯ್ಸಿದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ. ಒದ್ದೆ ಪಾಚಿ ತುಂಬಿದ ಒಂದು ಡಬ್ಬವನ್ನು ಪೊರೆ ಬಿಡುವ ಸಮಯದಲ್ಲಿ ಒಳಗಿಟ್ಟರೆ ಎರಡೂ ತೊಂದರೆ ತಪ್ಪುತ್ತವೆ.

ಹಾವು ಬಿಡುವ ಮುನ್ನ ಗೂಡನ್ನು ನೆಲಹಾಸು, ನೀರು ಸಮೇತ ಒಂದು ವಾರ ಖಾಲಿ ಓಡಿಸಿ. ಮಧ್ಯಾಹ್ನದ ಅತಿ ಹೆಚ್ಚು, ನಸುಕಿನ ಅತಿ ಕಡಿಮೆ ಉಷ್ಣತೆ ಬರೆದಿಡಿ. ತಣ್ಣನೆಯ ತುದಿ ಇಳಿಯುತ್ತಲೇ ಇಲ್ಲವಾದರೆ ಬಲ್ಬ್ ದೊಡ್ಡದಾಯಿತು ಅಥವಾ ಕೋಣೆಯೇ ಬಿಸಿ. ಗಾಜಿನ ಒಳಮೈ ಬೆಳಗ್ಗೆ ಹನಿಗಟ್ಟಿ ಮಧ್ಯಾಹ್ನವಾದರೂ ಒಣಗದಿದ್ದರೆ ಗಾಳಿ ಸಾಲದು, ಇನ್ನೊಂದು ತೂತು ಕೊರೆಯಿರಿ. ಗೂಡನ್ನು ಕಿಟಕಿಯ ಬಿಸಿಲು ಬೀಳುವ ಕಡೆ ಇಡಬೇಡಿ, ಗಾಜಿನ ಹಿಂದೆ ಬಿಸಿಲು ಸೇರಿದರೆ ಥರ್ಮೋಸ್ಟಾಟ್ ಏನೂ ಮಾಡಲಾರದು. ಎಲ್ಲ ಸೇರಿ ತೂಕ 40 ಕೆ.ಜಿ. ದಾಟುತ್ತದೆ, ಕೆಳಗಿನ ಮೇಜು ಅದಕ್ಕೆ ತಕ್ಕಂತಿರಲಿ.

ಬಳಕೆಗೆ ಬಂದ ಮೇಲೆ ಕೆಳಗಿನ ಟ್ರ್ಯಾಕನ್ನು ಆಗಾಗ ಹಲ್ಲುಜ್ಜುವ ಬ್ರಷ್‌ನಿಂದ ಗುಡಿಸಿ. ನೆಲಹಾಸಿನ ಕಾಳು ಅಲ್ಲಿ ಕೂತರೆ ಗಾಜು ಎದ್ದು ನಿಲ್ಲುತ್ತದೆ, ಬೀಗ ಬಿದ್ದಂತೆ ಕಂಡರೂ ಬಿದ್ದಿರುವುದಿಲ್ಲ. ವರ್ಷಕ್ಕೊಮ್ಮೆ ಗೂಡು ಖಾಲಿ ಮಾಡಿದಾಗ ನೀರಿನ ಬಟ್ಟಲಿದ್ದ ಮೂಲೆಯನ್ನು ಉಗುರಿನಿಂದ ಒತ್ತಿ ನೋಡಿ. ಮರ ಮೆತ್ತಗಿದ್ದರೆ ಅಲ್ಲಿಯ ಸಿಲಿಕೋನ್ ಕೆತ್ತಿ ತೆಗೆದು, ಪೂರ್ತಿ ಒಣಗಿಸಿ, ಮತ್ತೆ ವಾರ್ನಿಷ್‌ನಿಂದ ಶುರು ಮಾಡಬೇಕು. ಘಾಟು ಹೋಗುವವರೆಗೆ ಹಾವಿಗೆ ಬೇರೆ ಜಾಗ ಸಿದ್ಧವಿರಲಿ.